ಸೊಂಟಕ್ಕೆ ಸಡಿಲ, ತೊಡೆಗೆ ಬಿಗಿ: ಚಳಿಗಾಲದ ಆರೋಹಣಕ್ಕೆ ಪ್ಯಾಂಟ್ ಹೊಂದಿಸಿದ ಒಂದು ಪ್ರಕರಣ

ಆರೋಹಿ ಮತ್ತು ದೂರು

ಈ ಪ್ರಕರಣದ ಆರೋಹಿ ಮೂವತ್ತರ ಆಸುಪಾಸಿನವರು. ಹರೆಯದಲ್ಲಿ ಹಲವು ವರ್ಷ ಭಾರ ಎತ್ತುವ ಸ್ಪರ್ಧೆಗಳಲ್ಲಿ ತೊಡಗಿದ್ದು, ನಡುವೆ ಟ್ರ್ಯಾಕ್ ಸೈಕ್ಲಿಂಗ್ ಮಾಡಿ, ಆಮೇಲೆ ಹಿಮ ಮತ್ತು ಮಂಜುಗಡ್ಡೆಯ ಆರೋಹಣಕ್ಕೆ ಬಂದವರು. ಅವರ ಎತ್ತರ 174 ಸೆಂ.ಮೀ. ಸೊಂಟದ ಸುತ್ತಳತೆ 81 ಸೆಂ.ಮೀ., ಪೃಷ್ಠದ ಅತಿ ಅಗಲವಾದ ಕಡೆ 104, ಮೇಲ್ದೊಡೆ 66, ಮೀನಖಂಡ 43. ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ವಿಚಿತ್ರವೆನಿಸುವ ಸಂಖ್ಯೆ ಒಂದೂ ಇಲ್ಲ. ಆದರೆ 81ರ ಸೊಂಟದ ಕೆಳಗೆ 66ರ ತೊಡೆ ಇರುತ್ತದೆ ಎಂದು ಭಾವಿಸಿ ಪ್ಯಾಂಟ್ ಕತ್ತರಿಸುವ ತಯಾರಕರು ಬಹಳ ವಿರಳ.

ಅವರು ತಂದ ದೂರು ಒಂದೇ ಆಗಿರಲಿಲ್ಲ. ಮಂಜುಗಡ್ಡೆಯ ಮೇಲೆ ಮಂಡಿಯನ್ನು ಸೊಂಟದ ಮಟ್ಟಕ್ಕೆ ಎತ್ತಿ ಕ್ರ್ಯಾಂಪಾನ್ (ಬೂಟಿನ ಅಡಿಗೆ ಕಟ್ಟುವ ಲೋಹದ ಮೊನೆಗಳು) ಊರಬೇಕಾದಾಗಲೆಲ್ಲ ಬಟ್ಟೆ ತೊಡೆಯನ್ನು ಹಿಡಿದು ನಿಲ್ಲಿಸುತ್ತಿತ್ತು. ದಿನದ ಕೊನೆಗೆ ಅವರ ತೊಡೆಗಿಂತ ಮುಂಚೆ ತೊಡೆಯನ್ನು ಮೇಲೆತ್ತುವ ಸೊಂಟದ ಮುಂಭಾಗದ ಸ್ನಾಯುಗಳು ಸೋಲುತ್ತಿದ್ದವು. ಅದೇ ಹೆಜ್ಜೆಯಲ್ಲಿ ಪ್ಯಾಂಟಿನ ಹಿಂಭಾಗ, ಹಗ್ಗಕ್ಕೆ ಕಟ್ಟಿಕೊಳ್ಳಲು ಸೊಂಟಕ್ಕೂ ತೊಡೆಗಳಿಗೂ ತೊಡುವ ಹಾರ್ನೆಸ್ಸಿನ ಸೊಂಟಪಟ್ಟಿಯ ಅಡಿಯಿಂದ ಜಾರಿ ಕೆಳಗಿಳಿದು, ನಡುವೆ ತೆರೆದುಕೊಂಡ ಸಂದಿನಲ್ಲಿ ಹಿಮ ಸೇರುತ್ತಿತ್ತು. ಒಳತೊಡೆಯ ಹೊಲಿಗೆ ಒಮ್ಮೆ ಬಿಟ್ಟುಹೋಗಿತ್ತು. ಮಂಡಿಯೂರಿ ಎದ್ದ ಮೇಲೆ ಪ್ಯಾಂಟಿನ ಅಂಚು ಮತ್ತೆ ಬೂಟಿನ ಮೇಲಕ್ಕೆ ಇಳಿಯದೆ ಮೀನಖಂಡದ ಮೇಲೆಯೇ ಸಿಕ್ಕಿಕೊಳ್ಳುತ್ತಿತ್ತು. ಈ ನಾಲ್ಕನ್ನೂ ಅವರು 'ಪ್ಯಾಂಟ್ ಬಿಗಿ' ಎಂಬ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ನಾಲ್ಕಕ್ಕೂ ಕಾರಣ ಬೇರೆ ಬೇರೆ ಎಂಬುದು ಅಳತೆಗೆ ಕುಳಿತ ಮೇಲೆಯೇ ಗೊತ್ತಾಯಿತು.

ಅದಕ್ಕೂ ಮೊದಲು ಅವರು ಎಲ್ಲರೂ ಮಾಡುವ ಎರಡು ಉಪಾಯಗಳನ್ನು ಮಾಡಿ ನೋಡಿದ್ದರು. ಒಂದು ಸೈಜು ದೊಡ್ಡದನ್ನು ಕೊಂಡು ಬೆಲ್ಟ್ ಬಿಗಿದರು. ನೆರಿಗೆಗಟ್ಟಿದ ಬಟ್ಟೆ, ಅದರ ಮೇಲೆ ಬೆಲ್ಟಿನ ಬಕಲ್, ಅದರ ಮೇಲೆ ಹಾರ್ನೆಸ್ ಸೇರಿ ಸೊಂಟದ ಮೂಳೆಯ ಮೇಲೆ ಚರ್ಮ ಕಂದುಗಟ್ಟಿತು. ಆಮೇಲೆ 'ನಾಲ್ಕೂ ದಿಕ್ಕಿಗೆ ಹಿಗ್ಗುವ' ಬಟ್ಟೆಯದೆಂದು ಹೇಳಿ ಮಾರಿದ ಇನ್ನೊಂದನ್ನು ಸೊಂಟದ ಸೈಜಿನಲ್ಲಿಯೇ ಕೊಂಡರು. ತೊಟ್ಟು ನಿಂತಾಗ ಅದು ಚೆನ್ನಾಗಿಯೇ ಕೂರುತ್ತಿತ್ತು, ಕನ್ನಡಿಯ ಮುಂದೆ ಲಕ್ಷಣವಾಗಿಯೂ ಇತ್ತು. ಏರುವಾಗ ಮಾತ್ರ ಹಳೆಯದಕ್ಕಿಂತ ಹೆಚ್ಚೇನೂ ಸುಖ ಕೊಡಲಿಲ್ಲ.

ದೊಡ್ಡ ಸೈಜು ಏಕೆ ಪರಿಹಾರವಲ್ಲ

ಸಿದ್ಧ ಉಡುಪಿನ ತಯಾರಕರು ಪ್ರತಿ ಸೈಜಿಗೂ ಹೊಸ ನಮೂನೆಯನ್ನು ರಚಿಸುವುದಿಲ್ಲ. ಮಧ್ಯದ ಒಂದು ಸೈಜಿಗೆ ಒಬ್ಬ ಮಾದರಿ ವ್ಯಕ್ತಿಯ ಮೈಮೇಲೆ ನಮೂನೆಯನ್ನು ತಿದ್ದಿ, ಉಳಿದ ಸೈಜುಗಳನ್ನು ಅದರಿಂದ ನಿಗದಿತ ಪ್ರಮಾಣದಲ್ಲಿ ಹಿಗ್ಗಿಸಿ ಕುಗ್ಗಿಸಿ ಪಡೆಯುತ್ತಾರೆ. ಒಂದು ಸೈಜಿನಿಂದ ಮುಂದಿನದಕ್ಕೆ ಸೊಂಟ ಸಾಮಾನ್ಯವಾಗಿ ನಾಲ್ಕೈದು ಸೆಂ.ಮೀ. ಹಿಗ್ಗಿದರೆ ಮೇಲ್ದೊಡೆ ಎರಡು-ಮೂರು ಸೆಂ.ಮೀ. ಮಾತ್ರ ಹಿಗ್ಗುತ್ತದೆ, ತೊಡೆಸಂದಿನಿಂದ ನಡುಪಟ್ಟಿಯವರೆಗಿನ ಏರು ಒಂದು ಸೆಂ.ಮೀ. ಆಜುಬಾಜಿನಲ್ಲಿ ಬೆಳೆಯುತ್ತದೆ. ಅಂದರೆ ಮುಂದಿನ ಸೈಜು ಎಂದರೆ ತೊಡೆ ದಪ್ಪವಾದ ಅದೇ ಮನುಷ್ಯನಲ್ಲ, ಹೊಟ್ಟೆ ಬಂದ ಇನ್ನೊಬ್ಬ ಮನುಷ್ಯ. ತೊಡೆಗೆ ಐದು ಸೆಂ.ಮೀ. ಬೇಕೆಂದು ಎರಡು ಸೈಜು ಮೇಲೆ ಹೋದವರು ಸೊಂಟದಲ್ಲಿ ಹತ್ತು ಸೆಂ.ಮೀ. ಜೋಲನ್ನು ಕೊಂಡುತರುತ್ತಾರೆ; ಜೊತೆಗೆ ಕಾಲಿನ ಉದ್ದವೂ ಹೆಚ್ಚಿ, ಮಂಡಿಗೆಂದು ಕೊಟ್ಟ ಬಾಗು ಮಂಡಿಚಿಪ್ಪಿನಿಂದ ಕೆಳಗಿಳಿದುಬಿಡುತ್ತದೆ.

ಲೇಬಲ್ ಇದನ್ನು ತಿಳಿಸುವುದಿಲ್ಲ. ಯುರೋಪಿನ ಉಡುಪುಗಳ ಸೈಜು ನಮೂದಿಸುವ ಮಾನದಂಡವಾದ ಇಎನ್ 13402 ದೇಹದ ಅಳತೆಗಳನ್ನು ಸೆಂಟಿಮೀಟರಿನಲ್ಲಿ ಕೊಡಲು ಹೇಳುತ್ತದೆಯಾದರೂ ಪ್ಯಾಂಟಿನ ಮಟ್ಟಿಗೆ ಸೊಂಟ ಮತ್ತು ಒಳಗಾಲಿನ ಉದ್ದಗಳೇ ಮುಖ್ಯವಾಗಿ ಕಾಣಿಸಿಕೊಳ್ಳುತ್ತವೆ. ತೊಡೆಯನ್ನು ಹೇಗೆ ಅಳೆಯಬೇಕೆಂಬುದಕ್ಕೆ ಐಎಸ್‌ಒ 8559ರಲ್ಲಿ ವ್ಯಾಖ್ಯಾನವಿದೆ, ಆದರೆ ಆ ಅಳತೆ ಕೊಳ್ಳುವವರ ಕಣ್ಣಿಗೆ ಬೀಳುವುದು ಅಪರೂಪ. ಇದರಲ್ಲೊಂದು ವಿಪರ್ಯಾಸವಿದೆ: ಹಾರ್ನೆಸ್ ತಯಾರಕರು ಸೊಂಟದ ಜೊತೆಗೆ ತೊಡೆಪಟ್ಟಿಯ ಸುತ್ತಳತೆಯನ್ನೂ ಕೊಡುತ್ತಾರೆ, ಅದೇ ತೊಡೆಯ ಮೇಲೆ ಅದೇ ಹಾರ್ನೆಸ್ಸಿನ ಅಡಿಯಲ್ಲಿ ಬರುವ ಪ್ಯಾಂಟಿನವರು ಸಾಮಾನ್ಯವಾಗಿ ಕೊಡುವುದಿಲ್ಲ. ಕೇಳಿದರೆ ಸಿಗಬಹುದಾದ ಮಾಹಿತಿ ಅದು. ಪ್ರತಿ ಪ್ಯಾಂಟಿಗೂ ಕಾರ್ಖಾನೆಯಲ್ಲಿ ಒಂದು ಅಳತೆಪಟ್ಟಿ ಇರುತ್ತದೆ, ತೊಡೆ, ಮಂಡಿ, ಕೆಳಅಂಚು, ಮುಂಭಾಗದ ಏರು, ಹಿಂಭಾಗದ ಏರು ಎಲ್ಲವೂ ಅದರಲ್ಲಿ ದಾಖಲಾಗಿರುತ್ತವೆ. ಈ ಪ್ರಕರಣದಲ್ಲಿ ವಿಚಾರಿಸಿದ ತಯಾರಕರಲ್ಲಿ ಕೆಲವರು ಆ ಅಂಕಿಗಳನ್ನು ಕಳುಹಿಸಿದರು, ಕೆಲವರು ಸೊಂಟದ ಕೋಷ್ಟಕವನ್ನೇ ಮತ್ತೆ ಕಳುಹಿಸಿದರು.

ಅಳತೆ

ಅಳತೆಯನ್ನು ಮೂರು ಭಂಗಿಗಳಲ್ಲಿ ತೆಗೆದೆವು: ನೇರವಾಗಿ ನಿಂತು, ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಾಲನ್ನು ಮೇಜಿನ ಮೇಲಿಟ್ಟು. ನಿಂತಾಗ 66 ಇದ್ದ ಮೇಲ್ದೊಡೆ ಕುಕ್ಕರಗಾಲಿನಲ್ಲಿ 68.5 ಆಯಿತು. ಸೊಂಟ 81ರಿಂದ 84ಕ್ಕೆ ಏರಿತು. ತೊಡೆಯ ಅಳತೆ ಎಲ್ಲಿ ತೆಗೆದದ್ದು ಎಂಬುದನ್ನು ಬರೆದಿಡದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಭಾರ ಎತ್ತಿದವರ ತೊಡೆ ಮೇಲ್ಭಾಗದಲ್ಲಿ ಅತಿ ದಪ್ಪವಾಗಿರುತ್ತದೆ, ಸೈಕಲ್ ತುಳಿದವರಲ್ಲಿ ಮಂಡಿಯ ಮೇಲಿನ ಒಳ-ಹೊರ ಉಬ್ಬುಗಳೂ ಲೆಕ್ಕಕ್ಕೆ ಬರುತ್ತವೆ. ಇವರಲ್ಲಿ ಎರಡೂ ಇದ್ದವು.

ಪ್ಯಾಂಟನ್ನು ನೆಲದ ಮೇಲೆ ಸಪಾಟಾಗಿ ಹಾಸಿ, ತೊಡೆಸಂದಿನ ಹೊಲಿಗೆಯಿಂದ ಎರಡೂವರೆ ಸೆಂ.ಮೀ. ಕೆಳಗೆ ಅಡ್ಡಲಾಗಿ ಅಳೆದು ಇಮ್ಮಡಿ ಮಾಡಿದರೆ ಅದರ ಮೇಲ್ದೊಡೆಯ ಸುತ್ತಳತೆ ಸಿಗುತ್ತದೆ. ಸೊಂಟದ ಸೈಜಿನ ಹಿಗ್ಗುವ ಪ್ಯಾಂಟಿನಲ್ಲಿ ಅದು 64 ಬಂತು. ಒಂದು ಸೈಜು ದೊಡ್ಡದರಲ್ಲಿ 66.5.

ಇಲ್ಲಿ ಒಳ ಉಡುಪಿನ ಲೆಕ್ಕವನ್ನು ಜನ ಮರೆಯುತ್ತಾರೆ. ಸುತ್ತಳತೆಗೆ ಸೇರುವುದು ಬಟ್ಟೆಯ ದಪ್ಪವಲ್ಲ, ಆ ದಪ್ಪದ ಆರು ಪಟ್ಟಿಗಿಂತ ತುಸು ಹೆಚ್ಚು, ಏಕೆಂದರೆ ವೃತ್ತದ ತ್ರಿಜ್ಯ ಬೆಳೆದಷ್ಟಕ್ಕೆ ಪರಿಧಿ 6.28ರ ಪ್ರಮಾಣದಲ್ಲಿ ಬೆಳೆಯುತ್ತದೆ. ಒಂದು ಮಿ.ಮೀ. ದಪ್ಪದ ಮೆರಿನೋ ಉಣ್ಣೆಯ ಒಳಪ್ಯಾಂಟ್ ತೊಡೆಗೆ 0.6 ಸೆಂ.ಮೀ. ಸೇರಿಸಿದರೆ, ಮೂರು ಮಿ.ಮೀ. ಫ್ಲೀಸ್ 1.9 ಸೆಂ.ಮೀ. ಸೇರಿಸುತ್ತದೆ. ಆ ಪ್ರಕಾರ ಈ ಆರೋಹಿಗೆ ಮೆರಿನೋ ತೊಟ್ಟು ನಿಂತಾಗಲೇ 66.6, ಕುಕ್ಕರಗಾಲಿನಲ್ಲಿ 69.1 ಬೇಕು. 64ರ ಪ್ಯಾಂಟ್ ನಿಂತಾಗಲೇ ನೂರಕ್ಕೆ ನಾಲ್ಕರಷ್ಟು, ಕುಳಿತಾಗ ನೂರಕ್ಕೆ ಎಂಟರಷ್ಟು ಹಿಗ್ಗಿರುತ್ತಿತ್ತು.

ಬಟ್ಟೆಯೇನೋ ಅಡ್ಡಕ್ಕೆ ನೂರಕ್ಕೆ ಇಪ್ಪತ್ತರಷ್ಟು ಹಿಗ್ಗುವಂಥದ್ದು. ಹಾಗಿದ್ದರೆ ತೊಂದರೆ ಏನು? ಮಾರುವವರ ವಾದ ಇದೇ, ಮತ್ತು ಮೇಲ್ನೋಟಕ್ಕೆ ಅದು ಸರಿ. ಆದರೆ ಕಾಲು ಮಡಚಿದಾಗ ಬಟ್ಟೆಗೆ ಬರುವ ದೊಡ್ಡ ಬೇಡಿಕೆ ಅಡ್ಡದ್ದಲ್ಲ, ಉದ್ದದ್ದು. ಮಂಡಿಯನ್ನು ಪೂರ್ತಿ ಮಡಚಿದಾಗ ಅದರ ಮೇಲಿನ ಚರ್ಮ ಅಡ್ಡಕ್ಕೆ ಹಿಗ್ಗುವುದಕ್ಕಿಂತ ಉದ್ದಕ್ಕೆ ಎಷ್ಟೋ ಪಾಲು ಹೆಚ್ಚು ಹಿಗ್ಗುತ್ತದೆ. ಉದ್ದದ ಹಿಗ್ಗು ನೂರಕ್ಕೆ ಮೂವತ್ತೈದನ್ನೂ ದಾಟಬಲ್ಲದು. ಅಷ್ಟನ್ನು ಇಂಥ ಪ್ಯಾಂಟುಗಳ ನೇಯ್ದ ಬಟ್ಟೆ ಸಾಮಾನ್ಯವಾಗಿ ತನ್ನ ಹಿಗ್ಗಿನಿಂದಲೇ ಪೂರೈಸುವುದಿಲ್ಲ. ಸಡಿಲವಾದ ಪ್ಯಾಂಟಿನಲ್ಲಿ ಬಟ್ಟೆ ತೊಡೆಯ ಮೇಲೆ ಜಾರಿ, ಮೇಲಿನಿಂದ ಕೆಳಗಿನಿಂದ ಬಂದು ಮಂಡಿಗೆ ಬೇಕಾದ ಉದ್ದವನ್ನು ಒದಗಿಸುತ್ತದೆ. ತೊಡೆಯ ಸುತ್ತ ಈಗಾಗಲೇ ಬಿಗಿದು ಕುಳಿತ ಬಟ್ಟೆ ಹಾಗೆ ಜಾರಲಾರದು, ಒಳ ಉಡುಪಿನ ಒರಟು ಮೈ ಅದನ್ನು ಇನ್ನಷ್ಟು ಹಿಡಿಯುತ್ತದೆ. ಎತ್ತರದ ಹೆಜ್ಜೆಯಲ್ಲಿ ಈ ಆರೋಹಿಯನ್ನು ತಡೆಯುತ್ತಿದ್ದದ್ದು ಈ ಜಾರದ ಬಟ್ಟೆ. ಹಿಗ್ಗುವ ದಾರ ಹೆಚ್ಚಿದ್ದರೂ ಅದು ತಪ್ಪುತ್ತಿರಲಿಲ್ಲ. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದ ಎಲಾಸ್ಟೇನ್ ದಾರ ಬಿಡಿಯಾಗಿ ತನ್ನ ಉದ್ದದ ಹಲವು ಪಟ್ಟು ಹಿಗ್ಗುತ್ತದೆ, ನಿಜ. ನೈಲಾನಿನೊಂದಿಗೆ ನೇಯ್ದ ಮೇಲೆ ನೇಯ್ಗೆ ಬಿಟ್ಟುಕೊಟ್ಟಷ್ಟೇ ಅದರ ಹಿಗ್ಗು. ಪ್ಯಾಂಟಿನ ಗುಣವನ್ನು ಎಲಾಸ್ಟೇನಿನ ಶೇಕಡಾವಾರಿನಿಂದ ಅಳೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಕತ್ತರಿಸಿದ ರೀತಿ ಮೊದಲು, ಹಿಗ್ಗು ಆಮೇಲೆ.

ಬಿಗಿ ಬಟ್ಟೆಯಿಂದ ಚಳಿಯೂ ಹೆಚ್ಚು. ಒಳಪದರಗಳು ಬೆಚ್ಚಗಿಡುವುದು ತಮ್ಮೊಳಗೆ ಹಿಡಿದಿಟ್ಟ ನಿಶ್ಚಲ ಗಾಳಿಯಿಂದ. ತೊಡೆಯ ಮುಂಭಾಗದಲ್ಲಿ ಬಟ್ಟೆ ಅವುಗಳನ್ನು ಒತ್ತಿದರೆ ಗಾಳಿ ಹೊರಹೋಗಿ, ಗಾಳಿ ಬೀಸುವ ದಿನ ಅಲ್ಲೇ ಮೊದಲು ಮರಗಟ್ಟುತ್ತದೆ. ಆರೋಹಿ ಇದನ್ನು ದೂರಿನಲ್ಲಿ ಸೇರಿಸಿರಲಿಲ್ಲ, ಕೇಳಿದಾಗ ಹೌದೆಂದರು.

ನೆರಿಗೆಗಳನ್ನು ಓದುವುದು

ಅಂಕಿಗಳಿಗಿಂತ ಹೆಚ್ಚು ತಿಳಿಸಿದ್ದು ಬಟ್ಟೆಯ ಮೇಲಿನ ಗೆರೆಗಳು. ಪಳಗಿದ ದರ್ಜಿ ಟೇಪು ಹಿಡಿಯುವ ಮೊದಲೇ ಇವುಗಳನ್ನು ನೋಡುತ್ತಾನೆ. ತೊಡೆಗೆ ಅಡ್ಡಲಾಗಿ ಎಳೆದಂತೆ ಬಿದ್ದ ಗೆರೆಗಳು ಸುತ್ತಳತೆ ಸಾಲದೆಂದು ಹೇಳುತ್ತವೆ. ತೊಡೆಸಂದಿನಿಂದ ಹೊರಟು ತೊಡೆಯ ಕಡೆಗೆ ಬೀಸಣಿಗೆಯಾಕಾರದಲ್ಲಿ ಹರಡುವ ಗೆರೆಗಳಾದರೆ ಕೊರತೆ ಇರುವುದು ಎರಡು ಕಾಲುಗಳ ನಡುವಿನ ಬಟ್ಟೆಯಲ್ಲಿ. ನಡುಪಟ್ಟಿ ಬೆನ್ನಿನ ಕಡೆ ಬಾಗಿ ಇಳಿದರೆ ಹಿಂಭಾಗದ ಏರು ಗಿಡ್ಡವಾಗಿದೆ. ಮಂಡಿಯ ಹಿಂದೆ ಬಟ್ಟೆ ಗುಡ್ಡೆಯಾಗಿ ನಿಂತರೆ ಅದು ಕೆಳಗೆ ಮೀನಖಂಡದ ಮೇಲೆ ಸಿಕ್ಕಿಕೊಂಡಿದೆ.

ಈ ಆರೋಹಿಯ ಮೈಮೇಲೆ ನಾಲ್ಕೂ ಇದ್ದವು. ಆದರೆ ಒಂದು ಸೈಜು ದೊಡ್ಡ ಪ್ಯಾಂಟಿನಲ್ಲಿ ತೊಡೆಯ ಅಡ್ಡಗೆರೆಗಳು ಬಹುಮಟ್ಟಿಗೆ ಮಾಯವಾಗಿದ್ದರೂ ನಡುಪಟ್ಟಿ ಹಿಂದೆ ಇಳಿಯುವುದು ಸ್ವಲ್ಪವೂ ಕಡಿಮೆಯಾಗಿರಲಿಲ್ಲ. ಮುಂದಿನ ಸೊಂಟದಿಂದ ತೊಡೆಸಂದಿನ ಮೂಲಕ ಹಿಂದಿನ ಸೊಂಟದವರೆಗೆ ಟೇಪು ಹಿಡಿದಾಗ ಮೈಯ ಅಳತೆ 68 ಬಂತು. ಸೊಂಟದ ಸೈಜಿನ ಪ್ಯಾಂಟಿನಲ್ಲಿ ಮುಂದಿನ ಏರು 26, ಹಿಂದಿನದು 38, ಒಟ್ಟು 64. ಒಂದು ಸೈಜು ದೊಡ್ಡದರಲ್ಲಿ 66. ದೊಡ್ಡ ತೊಡೆಯವರಿಗೆ ಪೃಷ್ಠದ ಸ್ನಾಯುವೂ ದೊಡ್ಡದಿರುವುದು ಸಹಜ, ಆ ಉಬ್ಬನ್ನು ಸುತ್ತಿ ಬರಲು ಹಿಂಭಾಗದ ಬಟ್ಟೆಗೆ ಉದ್ದ ಬೇಕು. ಅದು ಸಿಗದಾಗ ಕುಕ್ಕರಗಾಲಿನಲ್ಲಿ ಪ್ಯಾಂಟ್ ಸೊಂಟವನ್ನೇ ಕೆಳಗೆಳೆದು ಉದ್ದವನ್ನು ಕಡ ತರುತ್ತದೆ. ಈ ಎಳೆತ ತೊಡೆಯ ಮುಂಭಾಗದಲ್ಲಿಯೂ ಬಿಗಿಯಾಗಿಯೇ ಅನುಭವಕ್ಕೆ ಬರುವುದರಿಂದ ಆರೋಹಿಗಳು ಇದನ್ನೂ ತೊಡೆಯ ಖಾತೆಗೆ ಬರೆಯುತ್ತಾರೆ. ಹಾರ್ನೆಸ್ಸನ್ನು ಇನ್ನಷ್ಟು ಬಿಗಿದು ನಡುಪಟ್ಟಿ ಇಳಿಯದಂತೆ ಹಿಡಿದರೆ ಎಳೆತ ಕಡಿಮೆಯಾಗುವುದಿಲ್ಲ, ಹೊಲಿಗೆಗೆ ವರ್ಗವಾಗುತ್ತದೆ. ಒಳತೊಡೆಯ ಹೊಲಿಗೆ ಬಿಟ್ಟದ್ದು ಹೀಗೆ ಎಂಬುದು ನನ್ನ ತರ್ಕ. ದಾರ ತುಂಡಾಗಿದ್ದದ್ದು ಅತಿ ದಪ್ಪ ತೊಡೆಯ ಮಟ್ಟದಲ್ಲಿ ಅಲ್ಲ, ನಾಲ್ಕು ಹೊಲಿಗೆಗಳು ಕೂಡುವ ಸಂದಿನ ಹಿಂದೆ.

ಮೀನಖಂಡದ ವಿಷಯ ಸರಳ. ಕೆಳಅಂಚಿನಿಂದ ಮೇಲಕ್ಕೆ ಬರುವ ಪಕ್ಕದ ಜಿಪ್ ಮೀನಖಂಡದ ಅತಿ ದಪ್ಪ ಭಾಗಕ್ಕಿಂತ ಎರಡು ಬೆರಳು ಕೆಳಗೆ ಮುಗಿಯುತ್ತಿತ್ತು. ಜಿಪ್ ತೆರೆದರೂ ಬಿಗಿ ಇರುವಲ್ಲಿ ಬಿಡುವು ಸಿಗುತ್ತಿರಲಿಲ್ಲ.

ಪರೀಕ್ಷಿಸಿದ ದಾರಿಗಳು

ಪ್ರತಿ ಪ್ಯಾಂಟನ್ನೂ ಪರೀಕ್ಷಿಸಿದ್ದು ಚಳಿಗಾಲದ ಬೂಟು, ಒಳಪದರ, ಹಾರ್ನೆಸ್ ಎಲ್ಲವನ್ನೂ ತೊಟ್ಟು. ಕುರ್ಚಿಯ ಎತ್ತರಕ್ಕೆ ಕಾಲಿಟ್ಟು ಏಳುವುದು, ಮೇಜಿನ ಎತ್ತರಕ್ಕೆ ಕಾಲಿಡುವುದು, ಎರಡೂ ಮಂಡಿಗಳನ್ನು ಹೊರಕ್ಕೆ ತೆರೆದು ಕಪ್ಪೆಯಂತೆ ಕೂರುವುದು, ಹಗ್ಗಕ್ಕೆ ತೂಗಿ ಹಾರ್ನೆಸ್ಸಿನಲ್ಲಿ ಸ್ವಲ್ಪ ಹೊತ್ತು ಕೂರುವುದು, ಕೊನೆಗೆ ಮಂಡಿಯೂರಿ ಏಳುವುದು. ನೋಡಬೇಕಾದದ್ದು ಎತ್ತಿದ ಕಾಲನ್ನಷ್ಟೇ ಅಲ್ಲ, ನೆಲದ ಮೇಲಿರುವ ಕಾಲನ್ನೂ. ತೊಡೆಸಂದಿನಲ್ಲಿ ಬಟ್ಟೆ ಸಾಲದಿದ್ದರೆ ಬಲಗಾಲು ಎತ್ತಿದಾಗ ಎಡಗಾಲಿನ ಒಳಹೊಲಿಗೆ ತಿರುಚಿಕೊಂಡು ಬಲಕ್ಕೆ ಎಳೆಯುತ್ತದೆ. ನಾಲ್ಕು ಹೊಲಿಗೆಗಳ ಸಂಧಿಗೆ ಬದಲಾಗಿ ವಜ್ರಾಕಾರದ ತುಂಡು, ಅಂದರೆ ಗಸೆಟ್, ಕೂರಿಸಿದ ಪ್ಯಾಂಟಿನಲ್ಲಿ ಎಡಗಾಲು ಅಲುಗುವುದಿಲ್ಲ. ಈ ಒಂದು ಚಿಹ್ನೆಯಿಂದಲೇ ನಾಲ್ಕಾರು ಪ್ಯಾಂಟುಗಳನ್ನು ಹಾರ್ನೆಸ್ ತೊಡುವ ಮೊದಲೇ ಬದಿಗಿಡಲು ಸಾಧ್ಯವಾಯಿತು. ಗಸೆಟ್ ತೊಡೆಯ ಸುತ್ತಳತೆಯನ್ನು ಹೆಚ್ಚಿಸುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಅದು ಕೊಡುವುದು ಕಾಲು ಎತ್ತುವ ಅವಕಾಶವನ್ನು.

ಮಹಿಳೆಯರ ನಮೂನೆಯ ಒಂದು ಪ್ಯಾಂಟನ್ನೂ ತೊಟ್ಟು ನೋಡಿದರು. ಸೊಂಟಕ್ಕೂ ಪೃಷ್ಠಕ್ಕೂ ಹೆಚ್ಚು ಅಂತರ ಬಿಟ್ಟು ಕತ್ತರಿಸಿದ್ದರಿಂದ ಮೇಲ್ಭಾಗ ಆಶ್ಚರ್ಯಪಡುವಷ್ಟು ಚೆನ್ನಾಗಿ ಕೂತಿತು, ಮಂಡಿಯ ಕೆಳಗೆ ಮಾತ್ರ ಬೂಟು ನುಗ್ಗಲಿಲ್ಲ.

ಭುಜಪಟ್ಟಿಯುಳ್ಳ ಬಿಬ್ ಪ್ಯಾಂಟ್ ಗಂಭೀರವಾಗಿ ಪರಿಗಣಿಸಬೇಕಾದ ದಾರಿ. ಅದರ ಭಾರವನ್ನು ಹೊರುವುದು ಭುಜ, ಆದ್ದರಿಂದ ಸೊಂಟವನ್ನು ಮರೆತು ತೊಡೆಗೆ ತಕ್ಕ ಸೈಜನ್ನು ಕೊಳ್ಳಬಹುದು. ಬೆನ್ನಿನಲ್ಲಿ ಸಂದು ತೆರೆಯುವ ಪ್ರಶ್ನೆಯೇ ಇಲ್ಲ. ಇವರಿಗೆ ಅದು ಹಿಡಿಸದಿರಲು ಎರಡು ಕಾರಣ. ಗೋಡೆಯ ಬುಡದವರೆಗಿನ ದೀರ್ಘ ನಡಿಗೆಯಲ್ಲಿ ಎದೆಯವರೆಗಿನ ಬಟ್ಟೆಯೊಳಗೆ ವಿಪರೀತ ಬೆವರುತ್ತಿದ್ದರು, ಬೆವರಿದ ಮೈಯಲ್ಲಿ ಸಂಗಾತಿಯ ಹಗ್ಗ ಹಿಡಿದು ನಿಂತಾಗ ಅಷ್ಟೇ ಬೇಗ ನಡುಗುತ್ತಿದ್ದರು. ಜೊತೆಗೆ ಎರಡು ಸೈಜು ದೊಡ್ಡ ಬಿಬ್‌ನ ಸೊಂಟದ ಬಟ್ಟೆ ಹಾರ್ನೆಸ್ಸಿನ ಅಡಿಯಲ್ಲಿ ಮಡಿಕೆಗಟ್ಟಿ ಹಳೆಯ ಗಾಯದ ಜಾಗಕ್ಕೇ ಒತ್ತುತ್ತಿತ್ತು. ದಿನವಿಡೀ ಮೈಮೇಲಿರುವ ಉಡುಪಾಗಿ ಅದನ್ನು ಬಿಟ್ಟೆವು. ಆದರೆ ನೀರು ತಡೆಯುವ ಹೊರಪದರವಾಗಿ ಅದೇ ಸರಿಯೆಂದು ತೀರ್ಮಾನಿಸಿದೆವು. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಪೂರ್ತಿ ಅಳತೆಗೆ ಹೊಲಿಸುವುದು ತಾತ್ವಿಕವಾಗಿ ಎಲ್ಲಕ್ಕಿಂತ ಉತ್ತಮ. ಆದರೆ ಹೊಸ ನಮೂನೆಯೊಂದು ಮೊದಲ ಹೊಲಿಗೆಯಲ್ಲಿಯೇ ಸರಿಬರುವುದು ಕಡಿಮೆ, ಚಳಿಗಾಲವೂ ಹತ್ತಿರ ಬಂದಿತ್ತು.

ಆಯ್ಕೆ ಮತ್ತು ತಿದ್ದುಪಡಿ

ಕೊನೆಗೆ ಆರಿಸಿದ್ದು ಎರಡು ನೇಯ್ಗೆಪದರದ, ಗಸೆಟ್ ಇರುವ, ಮಂಡಿಗೆ ಬಾಗು ಕೊಟ್ಟು ಹೊಲಿದ, ಹಿಗ್ಗುವ ಮೆತ್ತನೆ ಬಟ್ಟೆಯ ನೈಲಾನ್-ಎಲಾಸ್ಟೇನ್ ಸಾಫ್ಟ್‌ಶೆಲ್ ಪ್ಯಾಂಟ್, ಸೊಂಟದ ಸೈಜಿಗಿಂತ ಎರಡು ಸೈಜು ದೊಡ್ಡದು, ಕಾಲಿನ ಉದ್ದದಲ್ಲಿ ಗಿಡ್ಡ ಆವೃತ್ತಿ. ಗಿಡ್ಡ ಆವೃತ್ತಿ ಕೊಳ್ಳುವುದು ಅಂಚನ್ನು ಮಡಚಿ ಹೊಲಿಯುವುದಕ್ಕೆ ಸಮವಲ್ಲ. ಗಿಡ್ಡ ಆವೃತ್ತಿಯಲ್ಲಿ ಮಂಡಿಯ ಬಾಗು ಮೇಲಕ್ಕೆ ಬಂದಿರುತ್ತದೆ, ಕೆಳಗೆ ಕ್ರ್ಯಾಂಪಾನಿನ ಮೊನೆಯಿಂದ ಕಾಯಲು ಹಾಕಿದ ಗಟ್ಟಿ ತೇಪೆಯೂ ಪೂರ್ತಿ ಉಳಿಯುತ್ತದೆ. ಈ ಪ್ಯಾಂಟಿನ ಮೇಲ್ದೊಡೆ 69, ಮುಂದಿನ-ಹಿಂದಿನ ಏರು ಸೇರಿ 68, ನಡುಪಟ್ಟಿ 91. ಕುಕ್ಕರಗಾಲಿನಲ್ಲಿ ಬೇಕಾದ 69.1ಕ್ಕೆ 69 ಎಂದರೆ ಅತಿ ದಪ್ಪವಾದ ಭಂಗಿಯಲ್ಲಿಯೂ ಬಟ್ಟೆ ಅಡ್ಡಕ್ಕೆ ಹೆಚ್ಚುಕಡಿಮೆ ಹಿಗ್ಗದೆ ಇರುತ್ತದೆ, ಅದರ ಹಿಗ್ಗೆಲ್ಲ ಉದ್ದದ ಎಳೆತಕ್ಕೆ ಉಳಿಯುತ್ತದೆ. ಹಿಗ್ಗುವ ಬಟ್ಟೆಗೆ ನಾವು ಹಾಕಿಕೊಂಡ ಅಳತೆಗೋಲು ಇದೇ ಆಗಿತ್ತು.

ಸೊಂಟವನ್ನು ಕಿರಿದುಗೊಳಿಸುವುದು ಸುಲಭ, ತೊಡೆಯನ್ನು ಹಿರಿದುಗೊಳಿಸುವುದು ಕಷ್ಟ. ಕಾರ್ಖಾನೆಯ ಹೊಲಿಗೆಯಂಚಿನಲ್ಲಿ ಒಂದು ಸೆಂ.ಮೀ. ಬಟ್ಟೆ ಉಳಿದಿದ್ದರೆ ಹೆಚ್ಚು, ಅದನ್ನು ಬಿಚ್ಚಿದರೂ ತೊಡೆಗೆ ಸಿಗುವುದು ಅತ್ಯಲ್ಪ. ಆದ್ದರಿಂದ ಕೊಳ್ಳುವುದನ್ನು ತೊಡೆಗೆ ಕೊಳ್ಳಬೇಕು, ತಿದ್ದುವುದನ್ನು ಸೊಂಟದಲ್ಲಿ ತಿದ್ದಬೇಕು. ಹೊರಾಂಗಣ ಉಡುಪುಗಳ ದುರಸ್ತಿಯಲ್ಲಿ ಪಳಗಿದ ದರ್ಜಿಯೊಬ್ಬರು ನಡುಪಟ್ಟಿಯನ್ನು ಹಿಂಭಾಗದ ಮಧ್ಯದಲ್ಲಿ ಬಿಚ್ಚಿ, ನಡುಪಟ್ಟಿಯಲ್ಲಿ ಆರು ಸೆಂ.ಮೀ. ತೆಗೆದು, ಆ ಕಡಿತ ಕೆಳಗಿಳಿದಂತೆ ಸಣ್ಣದಾಗುತ್ತ ಪೃಷ್ಠದ ಉಬ್ಬು ಶುರುವಾಗುವಲ್ಲಿ ಇಲ್ಲವಾಗುವಂತೆ ಹೊಲಿದರು. 91ರಲ್ಲಿ ಆರು ಹೋಗಿ ಉಳಿದ 85, ಕುಳಿತಾಗಿನ 84ಕ್ಕೂ ಒಳಪದರಕ್ಕೂ ಸರಿಹೋಯಿತು. ಪೂರ್ತಿ ಹತ್ತನ್ನೂ ತೆಗೆಯಿರಿ ಎಂದು ಆರೋಹಿ ಕೇಳಿದ್ದರು, ದರ್ಜಿ ಒಪ್ಪಲಿಲ್ಲ. ಆರಕ್ಕಿಂತ ಹೆಚ್ಚು ತೆಗೆದರೆ ಹಿಂದಿನ ಜೇಬುಗಳು ಒಂದರತ್ತ ಒಂದು ಸರಿದು, ಹಿಂಭಾಗದ ಹೊಲಿಗೆಯ ಬಾಗು ಕೆಟ್ಟು, ಕಷ್ಟಪಟ್ಟು ಗಳಿಸಿದ ಏರಿನ ಉದ್ದ ಮತ್ತೆ ಕರಗುತ್ತದೆ ಎಂಬುದು ಅವರ ವಾದ. ಅವರು ಹೇಳಿದ್ದು ಸರಿ. ಹೆಚ್ಚಾದ ಬಟ್ಟೆಯನ್ನು ಕತ್ತರಿಸದೆ ಒಳಗೇ ಮಡಚಿ ಹೊಲಿದದ್ದೂ ಅವರ ಸಲಹೆಯೇ. ಬೆಲ್ಟಿನ ಕುಣಿಕೆಗಳನ್ನು ಬಿಟ್ಟು, ತೆಳುವಾದ ಭುಜಪಟ್ಟಿಗಳಿಗೆ ನಾಲ್ಕು ಸಪಾಟಾದ ಕೊಂಡಿಗಳನ್ನು ಹಾಕಿಸಿದೆವು. ಹಾರ್ನೆಸ್ಸಿನ ಅಡಿಯಲ್ಲಿ ಬಕಲ್, ಗಂಟು, ಲಾಡಿ ಯಾವುದೂ ಇರಬಾರದು.

ಮೀನಖಂಡಕ್ಕೆ ಎರಡು ಸೈಜು ಏರಿದರೂ ಸಾಲಲಿಲ್ಲ, ಏಕೆಂದರೆ 43ರ ಮೇಲೆ ಒಳಪದರವೂ ದಪ್ಪ ಕಾಲುಚೀಲದ ಮೇಲ್ತುದಿಯೂ ಬರುತ್ತವೆ. ಹೊರಬದಿಯ ಹೊಲಿಗೆಯನ್ನು ಜಿಪ್ಪಿನ ತುದಿಯಿಂದ ಮಂಡಿಯ ಕೆಳಗಿನವರೆಗೆ ಬಿಚ್ಚಿ, ಎರಡೂ ತುದಿ ಚೂಪಾದ, ನಡುವೆ ಮೂರು ಸೆಂ.ಮೀ. ಅಗಲದ ಹಿಗ್ಗುವ ಪಟ್ಟಿಯನ್ನು ಕೂರಿಸಲಾಯಿತು. ಒಳಬದಿಯಲ್ಲಿ ಇದನ್ನು ಮಾಡಬಾರದು. ಅಲ್ಲಿ ಎದುರುಗಾಲಿನ ಕ್ರ್ಯಾಂಪಾನ್ ಮೊನೆಗಳು ಹಾದುಹೋಗುತ್ತವೆ, ತೆಳು ಬಟ್ಟೆ ಸಿಕ್ಕರೆ ಹರಿಯುತ್ತದೆ, ಸಿಕ್ಕಿಕೊಂಡರೆ ಮನುಷ್ಯ ಮುಗ್ಗರಿಸುತ್ತಾನೆ. ಇಳಿಜಾರಿನಲ್ಲಿ ಅದು ಬಟ್ಟೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅದೇ ಕಾರಣಕ್ಕೆ ದೊಡ್ಡ ಸೈಜಿನೊಂದಿಗೆ ಬಂದ ಅಗಲವಾದ ಕೆಳಅಂಚನ್ನು ಅದರಲ್ಲಿದ್ದ ಒತ್ತುಗುಂಡಿಗಳಿಂದ ಬಿಗಿಯ ಸ್ಥಾನಕ್ಕೆ ಇಟ್ಟುಕೊಳ್ಳಬೇಕಾಯಿತು.

ಹೊರಪದರದ ವಿಷಯದಲ್ಲಿ ಇಂಥ ತಿದ್ದುಪಡಿಗೆ ಅವಕಾಶ ಕಡಿಮೆ. ಗೋರ್-ಟೆಕ್ಸ್‌ನಂಥ ಪೊರೆಯುಳ್ಳ ಮೂರು ಪದರದ ಬಟ್ಟೆಯಲ್ಲಿ ಹೊಲಿಗೆಗಳ ಒಳಮೈಗೆ ನೀರು ತಡೆಯುವ ಟೇಪನ್ನು ಕಾಯಿಸಿ ಅಂಟಿಸಿರುತ್ತಾರೆ. ಬಿಚ್ಚಿ ಹೊಲಿದರೆ ಪ್ರತಿ ಸೂಜಿತೂತಿನಿಂದಲೂ ನೀರು ಇಳಿಯುತ್ತದೆ, ಮತ್ತೆ ಟೇಪು ಅಂಟಿಸುವುದು ಎಲ್ಲ ದರ್ಜಿಗಳ ಕೆಲಸವಲ್ಲ. ಈ ಬಟ್ಟೆಗಳಲ್ಲಿ ಬಹಳಷ್ಟು ಹಿಗ್ಗುವುದೂ ಇಲ್ಲ, ಆದ್ದರಿಂದ ಸಾಫ್ಟ್‌ಶೆಲ್ ಮೇಲೆ ಇನ್ನೂ ಎಂಟು-ಹತ್ತು ಸೆಂ.ಮೀ. ಬಿಡುವು ಬೇಕು. ಬಿಬ್ ಇಲ್ಲಿ ಉಪಯೋಗಕ್ಕೆ ಬಂತು: ತೊಡೆಗೆ ಬೇಕಾದಷ್ಟು ದೊಡ್ಡ ಸೈಜು, ಭುಜದಿಂದ ತೂಗುವ ಭಾರ, ಬೂಟು ಬಿಚ್ಚದೆ ತೊಡಲು ಪೂರ್ತಿ ಉದ್ದದ ಪಕ್ಕದ ಜಿಪ್. ಹಸಿ ಹಿಮ ಬೀಳುವಾಗ ಮಾತ್ರ ಅದು ಚೀಲದಿಂದ ಹೊರಬರುವುದರಿಂದ ಬೆವರಿನ ಆಕ್ಷೇಪವೂ ಉಳಿಯಲಿಲ್ಲ.

ಹಾರ್ನೆಸ್ಸನ್ನೂ ಬದಲಿಸಬೇಕಾಯಿತು. 81ರ ಸೊಂಟಕ್ಕೆ ತಕ್ಕ ಸೈಜಿನಲ್ಲಿ ಹೊಂದಿಸಲಾಗದ ತೊಡೆಪಟ್ಟಿಗಳು 66ರ ತೊಡೆಯನ್ನು ಒಳಪದರಗಳ ಸಮೇತ ಸುತ್ತಲಾರವು. ಪ್ಯಾಂಟಿನ ಮೇಲೆ ಹೊರಿಸಿದ್ದ ಆಪಾದನೆಯಲ್ಲಿ ಒಂದು ಪಾಲು ಇವುಗಳಿಗೆ ಸೇರಬೇಕಿತ್ತು. ಬಿಗಿಯಾದ ತೊಡೆಪಟ್ಟಿ ಬಟ್ಟೆಯನ್ನು ತೊಡೆಗೆ ಕಟ್ಟಿಹಾಕಿ, ಮೇಲೆ ವಿವರಿಸಿದ ಜಾರುವಿಕೆಯನ್ನು ಅಲ್ಲಿಯೇ ತಡೆಯುತ್ತದೆ. ತೊಡೆಪಟ್ಟಿಗೆ ಬಕಲ್ ಇರುವ ಹಾರ್ನೆಸ್ ತೊಟ್ಟು ನೋಡಿದಾಗ ಹಳೆಯ, ಒಂದು ಸೈಜು ದೊಡ್ಡ ಪ್ಯಾಂಟ್ ಕೂಡ ಸ್ವಲ್ಪ ಸುಧಾರಿಸಿದಂತೆ ಕಂಡಿತು.

ಬಳಕೆಯಲ್ಲಿ

ಆ ಚಳಿಗಾಲವಿಡೀ ಬಳಸಿದ ಮೇಲೆ ಮೂಲ ದೂರುಗಳಲ್ಲಿ ಮೂರು ತೀರಿದವು. ನಡುಪಟ್ಟಿ ಹಾರ್ನೆಸ್ಸಿನ ಅಡಿಯಲ್ಲಿ ಇದ್ದಲ್ಲಿಯೇ ಇರುತ್ತದೆ, ಮಂಡಿಯೂರಿ ಎದ್ದರೆ ಅಂಚು ತಾನಾಗಿ ಬೂಟಿನ ಮೇಲಕ್ಕೆ ಇಳಿಯುತ್ತದೆ, ಹೊಲಿಗೆ ಬಿಟ್ಟಿಲ್ಲ. ಎತ್ತರದ ಹೆಜ್ಜೆಯ ತಡೆ ಬಹಳಷ್ಟು ಇಳಿದಿದೆಯಾದರೂ ಪೂರ್ತಿ ಹೋಗಿಲ್ಲ. ಮೆರಿನೋ ಒಳಪ್ಯಾಂಟಿನ ಬದಲಿಗೆ ಹೊರಮೈ ನುಣುಪಾದ ಸಿಂಥೆಟಿಕ್ ಒಳಪ್ಯಾಂಟ್ ತೊಟ್ಟ ದಿನಗಳಲ್ಲಿ ಅದು ಗಮನಕ್ಕೇ ಬರುವುದಿಲ್ಲ ಎಂದು ಆರೋಹಿ ಹೇಳುತ್ತಾರೆ. ಜಾರುವಿಕೆಯ ವಿವರಣೆಗೆ ಇದು ಹೊಂದಿಕೆಯಾಗುತ್ತದೆ.

ಹೊಸದಾಗಿ ಕಂಡ ತೊಂದರೆ ಒಳತೊಡೆಯ ಸವೆತ. ದೊಡ್ಡ ತೊಡೆಗಳು ನಡೆಯುವಾಗ ಒಂದನ್ನೊಂದು ಉಜ್ಜುತ್ತವೆ. ಗಸೆಟ್ಟಿನ ಕೆಳಗೆ ಅಂಗೈಯಗಲದ ಜಾಗದಲ್ಲಿ ಬಟ್ಟೆಯ ಮೇಲೆ ಸಣ್ಣ ಗುಂಜುಗಳೆದ್ದು, ನೀರು ಜಾರಿಸುವ ಲೇಪ ಅಲ್ಲಿ ಮೊದಲು ಅಳಿಯಿತು. ಲೇಪವನ್ನು ಹೊಸದಾಗಿ ಹಾಕಿ, ತಯಾರಕರ ಸೂಚನೆಯಂತೆ ಹದವಾದ ಬಿಸಿಯಲ್ಲಿ ಒಣಗಿಸಿದ್ದರಿಂದ ಕೆಲಮಟ್ಟಿಗೆ ಚೇತರಿಸಿತು. ಒಗೆಯುವಾಗ ಬಟ್ಟೆ ಮೆದುಗೊಳಿಸುವ ದ್ರಾವಣವನ್ನು ಹಾಕುವುದನ್ನು ಅವರು ಬಿಟ್ಟಿದ್ದಾರೆ, ಅದು ಲೇಪವನ್ನು ಕೆಡಿಸುತ್ತದೆ; ಅತಿ ಬಿಸಿಯಲ್ಲಿ ಒಣಗಿಸಿದರೆ ಎಲಾಸ್ಟೇನ್ ಸೋಲುತ್ತದೆ. ಸವೆದ ಜಾಗಕ್ಕೆ ಹಾಕುವ ತೇಪೆ ತೆಳುವಾಗಿ, ಹಿಗ್ಗುವಂಥದ್ದಾಗಿ ಇರಬೇಕು. ಕಾರ್ಡುರಾದಂಥ ಗಟ್ಟಿ ಬಟ್ಟೆಯನ್ನು ಅಲ್ಲಿ ಹೊಲಿದರೆ ಸವೆತವೇನೋ ನಿಲ್ಲುತ್ತದೆ, ತೊಡೆಸಂದು ಮತ್ತೆ ಬಿಗಿಯಾಗುತ್ತದೆ.

ತೊಡೆಯ ಜೇಬಿನ ಸಮಸ್ಯೆಗೆ ಉತ್ತರ ಸಿಕ್ಕಿಲ್ಲ. ಎರಡು ಸೈಜು ದೊಡ್ಡ ಪ್ಯಾಂಟಿನಲ್ಲಿ ಜೇಬಿನ ಬಾಯಿ ಕೆಳಗಿಳಿದು ಸರಿಯಾಗಿ ಹಾರ್ನೆಸ್ಸಿನ ತೊಡೆಪಟ್ಟಿಯ ಅಡಿಗೆ ಬಂದಿದೆ, ಹಗ್ಗದಲ್ಲಿರುವಾಗ ಅದನ್ನು ತೆರೆಯಲು ಆಗುವುದಿಲ್ಲ. ನಕ್ಷೆಯೂ ತಿನಿಸೂ ಈಗ ಜಾಕೆಟ್ಟಿಗೆ ಹೋಗಿವೆ.

ಇನ್ನೊಂದು ಸಂಗತಿ ಮುಂದಿನ ಚಳಿಗಾಲಕ್ಕೆ ಸೇರಿದ್ದು. ಬೇಸಿಗೆಯಲ್ಲಿ ಅವರು ಮತ್ತೆ ಭಾರ ಎತ್ತುವ ಅಭ್ಯಾಸ ಆರಂಭಿಸಿದ್ದರಿಂದ ಮೇಲ್ದೊಡೆ 67 ದಾಟಿದೆ, ಸೊಂಟವೂ ಒಂದೆರಡು ಸೆಂ.ಮೀ. ಏರಿದೆ. ದರ್ಜಿ ಒಳಗೆ ಮಡಚಿಟ್ಟ ಬಟ್ಟೆಯಿಂದ ಸೊಂಟದಲ್ಲಿ ಬೇಕಾದಷ್ಟನ್ನು ಬಿಡಬಹುದು. ತೊಡೆಯಲ್ಲಿ ಹಾಗೆ ಬಿಡಲು ಏನೂ ಉಳಿದಿಲ್ಲ. ಇನ್ನು ಎರಡು ಸೆಂ.ಮೀ. ಬೆಳೆದರೆ ಒಳಹೊಲಿಗೆಯಲ್ಲಿ ತೊಡೆಸಂದಿನಿಂದ ಮಂಡಿಯವರೆಗೆ ಹಿಗ್ಗುವ ಪಟ್ಟಿಯೊಂದನ್ನು ಕೂರಿಸಬೇಕಾಗುತ್ತದೆ, ಅದಕ್ಕೆ ಅದೇ ತೂಕದ ಬಟ್ಟೆಯ ತುಂಡನ್ನು ಈಗಾಗಲೇ ತೆಗೆದಿರಿಸಲಾಗಿದೆ.